ಪೆನ್ನಿನಲ್ಲಿ ಒಣಗಿದ ಶಾಯಿ: ತೊಳೆಯುವುದು ಹೇಗೆ?

ಮಕ್ಕಳೇ, ರಜೆ ಮುಗಿದ ಮೇಲೆ ನಿಮ್ಮ ಇಂಕ್ ಪೆನ್ನು ಬರೆಯದೆ ಕೈಕೊಟ್ಟಿದೆಯೇ? ಎಷ್ಟು ಕೊಡವಿದರೂ ಶಾಯಿ ಇಳಿಯುತ್ತಿಲ್ಲವೇ? ಪೆನ್ನು ಕೆಟ್ಟಿತೆಂದು ಎಸೆಯಬೇಡಿ. ಬಹುಶಃ ಶಾಯಿ ಹರಿಯುವ ದಾರಿ ಮುಚ್ಚಿಕೊಂಡಿದೆ.

ಹೀಗೇಕಾಗುತ್ತದೆ?
ಶಾಯಿಯಲ್ಲಿ ಹೆಚ್ಚಿನ ಪಾಲು ನೀರು. ಅದರಲ್ಲಿ ಬಣ್ಣ ಕರಗಿರುತ್ತದೆ. ನಿಬ್ಬಿನ ಕೆಳಗಿರುವ ನಾಲಿಗೆಯಲ್ಲಿ ಬಹಳ ಸಣ್ಣ ಗೀರುಗಳಿವೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಈ ಗೀರುಗಳ ಮೂಲಕ ಶಾಯಿ ನಿಬ್ಬಿನ ತುದಿಗೆ ಬರುತ್ತದೆ. ಇದಕ್ಕೆ ಲೋಮನಾಳ ಕ್ರಿಯೆ ಎನ್ನುತ್ತೇವೆ. ಪೆನ್ನನ್ನು ಬಹಳ ದಿನ ಬಳಸದಿದ್ದರೆ ನೀರು ಆವಿಯಾಗಿ, ಬಣ್ಣ ಗೀರಿನಲ್ಲೇ ಅಂಟಿಕೊಳ್ಳುತ್ತದೆ.

ಬೇಕಾಗುವ ಸಾಮಗ್ರಿಗಳು
ಲೋಟ, ತಣ್ಣೀರು, ಪಾತ್ರೆ ತೊಳೆಯುವ ದ್ರವ ಸೋಪು, ಹತ್ತಿ, ಕಡ್ಡಿ, ಹಳೆಯ ಬಟ್ಟೆ.

ಮಾಡುವ ವಿಧಾನ
1. ಹಳೆಯ ಶಾಯಿ ಚೆಲ್ಲಿ, ನಿಬ್ಬಿರುವ ಭಾಗವನ್ನು ತಿರುಗಿಸಿ ಬಿಚ್ಚಿ.
2. ಅದನ್ನು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿಡಿ. ಬೆಳಿಗ್ಗೆ ನೀರು ಬದಲಿಸಿ ಅಲ್ಲಾಡಿಸಿ.
3. ಇನ್ನೂ ಬಣ್ಣ ಬಿಡದಿದ್ದರೆ ಒಂದು ಲೋಟ ನೀರಿಗೆ ಒಂದೇ ಹನಿ ಸೋಪು ಹಾಕಿ ತೊಳೆಯಿರಿ. ಸೋಪು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುವುದರಿಂದ ನೀರು ಸಣ್ಣ ಸಂದಿಗಳಿಗೂ ನುಗ್ಗುತ್ತದೆ.
4. ಕಡ್ಡಿಗೆ ಹತ್ತಿ ಸುತ್ತಿ, ಅದೇ ನೀರಿನಿಂದ ಪೆನ್ನಿನ ಕೊಳವೆಯ ಒಳಗಿನ ಕಲೆಯನ್ನು ಉಜ್ಜಿ.
5. ನೊರೆ ಹೋಗುವವರೆಗೆ ಶುದ್ಧ ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಒಣಗಿಸಿ.

ಕೊಳವೆಯಲ್ಲಿ ತೆಳುವಾದ ಕಲೆ ಉಳಿದರೂ ಚಿಂತೆ ಬೇಡ. ಅದರಿಂದ ಬರವಣಿಗೆಗೆ ತೊಂದರೆಯಿಲ್ಲ.

ಎಚ್ಚರಿಕೆ!
• ಕುದಿಯುವ ನೀರು ಬೇಡ. ಪ್ಲಾಸ್ಟಿಕ್ ಸೊಟ್ಟಗಾಗಬಹುದು.
• ಸ್ಪಿರಿಟ್, ಥಿನ್ನರ್ ಬೇಡ. ಕೆಲವು ಪ್ಲಾಸ್ಟಿಕ್‌ಗಳು ಇವುಗಳಿಂದ ಬಿರುಕು ಬಿಡುತ್ತವೆ ಅಥವಾ ಕರಗುತ್ತವೆ.
• ನಿಬ್ಬಿನ ಸೀಳಿಗೆ ಗುಂಡುಪಿನ್ನು ಚುಚ್ಚಬೇಡಿ. ಪೆನ್ನಿಗೆ ಬಾಯಿ ಹಾಕಿ ಊದಬೇಡಿ.
• ಕಲೆ ಬೇಗ ಹೋಗಲೆಂದು ಬ್ಲೀಚಿಂಗ್ ಪುಡಿಯನ್ನು ಮುಟ್ಟಲೇಬೇಡಿ. ಅದು ಶೌಚಾಲಯ ತೊಳೆಯುವ ಆಸಿಡ್‌ನೊಂದಿಗೆ ಬೆರೆತರೆ ಕ್ಲೋರಿನ್ ಎಂಬ ವಿಷಾನಿಲ ಹೊರಬರುತ್ತದೆ. ಅದು ಕಣ್ಣು ಉರಿಸಿ, ಉಸಿರು ಕಟ್ಟಿಸುತ್ತದೆ. ಹೆಚ್ಚಾದರೆ ಪ್ರಾಣಕ್ಕೇ ಅಪಾಯ. ಪೆನ್ನು ಹೋದರೆ ಇನ್ನೊಂದು ಕೊಳ್ಳಬಹುದು, ಅಲ್ಲವೇ?

ನೀವೇ ಮಾಡಿ ನೋಡಿ
ಸೀಮೆಸುಣ್ಣದ ತುಂಡಿನ ಬುಡದಿಂದ 1 ಸೆಂ.ಮೀ. ಮೇಲೆ ಕಪ್ಪು ಶಾಯಿಯ ಚುಕ್ಕೆ ಇಡಿ. ತಟ್ಟೆಯಲ್ಲಿ ಚುಕ್ಕೆಗೆ ತಾಗದಷ್ಟು ನೀರು ಹಾಕಿ, ಅದನ್ನು ನೆಟ್ಟಗೆ ನಿಲ್ಲಿಸಿ. ಸ್ವಲ್ಪ ಹೊತ್ತಿನ ನಂತರ ಯಾವ ಯಾವ ಬಣ್ಣಗಳು ಕಾಣುತ್ತವೆ? ನೀರು ಮೇಲೇರಿದ್ದು ಹೇಗೆ? ನಿಮ್ಮ ಶಿಕ್ಷಕರೊಂದಿಗೆ ಚರ್ಚಿಸಿ.