ಬೆಳಕು ಅಳೆಯುವ ಚಿಪ್ಪೂ ನಮ್ಮ ಅಡಿಕೆ ಮೂಟೆಯೂ



ಅಡಿಕೆ, ಕಾಫಿಯನ್ನು ಬಣ್ಣ ನೋಡಿ ಆರಿಸುವ ಯಂತ್ರದ ವಿಚಾರವಾಗಿ ಟಿ. ನರಸೀಪುರದ ಕಡೆಯ ಸದಸ್ಯರು ನಮ್ಮನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. "ಆ ಯಂತ್ರಕ್ಕೆ ಕಣ್ಣೆಲ್ಲಿದೆ ಸ್ವಾಮಿ? ಒಳ್ಳೇದನ್ನ ಕೆಟ್ಟದ್ದು ಅಂತ ತಳ್ಳಿಬಿಟ್ಟರೆ ನಾವು ಯಾರನ್ನ ಕೇಳೋದು?" ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

ಕಣ್ಣು ಇರುವುದು ಒಂದು ಸಿಲಿಕಾನ್ ಚಿಪ್ಪಿನಲ್ಲಿ. ಸಿಲಿಕಾನಿನ ಮೇಲೆ ಬೆಳಕು ಬಿದ್ದರೆ ಅದರೊಳಗಿನ ಎಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಬೆಳಕು ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚು. ಇಂಥ ಸಾವಿರಾರು ಕಣ್ಣುಗಳನ್ನು ಒಂದೇ ಚಿಪ್ಪಿನಲ್ಲಿ ಕೂಡಿಸಿ, ಲೆಕ್ಕವನ್ನು ಸಾಲಾಗಿ ಹೊರಕ್ಕೆ ತೆಗೆಯುವ 'ಸಿಸಿಡಿ'ಯನ್ನು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಕಂಡುಹಿಡಿದರು. 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕದಲ್ಲಿ ಪಾಲು ಸಿಕ್ಕಿತು. ಈಗ ನಮ್ಮ ಜೇಬಿನ ಮೊಬೈಲಿನಲ್ಲಿರುವುದು 'ಸಿಮಾಸ್' ಎಂಬ ಅದರ ದಾಯಾದಿ. ಇದರಲ್ಲಿ ಕಣ್ಣು, ಅಳತೆ, ಲೆಕ್ಕ ಎಲ್ಲವೂ ಒಂದೇ ಚಿಪ್ಪಿನೊಳಗೆ.

ಬೆಂಗಳೂರಿನವರು ಈ ವಿದ್ಯೆಯನ್ನು ಬಹಳ ಹಿಂದೆಯೇ ಕೈಗೆ ತೆಗೆದುಕೊಂಡರು. ಇಸ್ರೋದವರು ಅಲ್ಲಿ ಕಟ್ಟಿ 1988ರ ಮಾರ್ಚ್ 17ರಂದು ಸೋವಿಯತ್ ರಾಕೆಟ್ಟಿನಲ್ಲಿ ಕಳಿಸಿದ ಐಆರ್‌ಎಸ್–1ಎ ಉಪಗ್ರಹದ ಕ್ಯಾಮೆರಾದಲ್ಲಿ ಸಾಲಿಗೆ 2048 ಕಣ್ಣುಗಳ ಸಿಸಿಡಿ ಇತ್ತು. ಅದರ ಮೊದಲ ಕ್ಯಾಮೆರಾಗೆ ನೆಲದ 72.5 ಮೀಟರು ಉದ್ದಗಲದ ಚೌಕ ಒಂದು ಚುಕ್ಕೆ. ಲೆಕ್ಕ ಹಾಕಿ ನೋಡಿದರೆ ಸುಮಾರು 1 ಎಕರೆ 12 ಗುಂಟೆ! ನಮ್ಮ ಎಷ್ಟೋ ಸದಸ್ಯರ ಇಡೀ ತೋಟ ಅದಕ್ಕೆ ಒಂದು ಚುಕ್ಕೆ. ಆದರೂ ಹಸಿರೆಲೆ ಕೆಂಪು ಬೆಳಕನ್ನು ನುಂಗಿ ಅತಿಗೆಂಪನ್ನು ಹಿಂದಕ್ಕೆಸೆಯುವ ಗುಣದಿಂದ ಬೆಳೆಯ ಸ್ಥಿತಿ ತಿಳಿಯುತ್ತಿತ್ತು.

ಆರಿಸುವ ಯಂತ್ರದ್ದೂ ಅದೇ ಉಪಾಯ. ಅಲ್ಲಿ ಉಪಗ್ರಹ ಓಡುತ್ತದೆ, ಇಲ್ಲಿ ಅಡಿಕೆ ಬೀಳುತ್ತದೆ. ಜಾರುಹಲಗೆಯಿಂದ ಬೀಳುವ ಪ್ರತಿ ಅಡಿಕೆಯನ್ನೂ ಕಣ್ಣಿನ ಸಾಲು ನೋಡುತ್ತದೆ. ಬಣ್ಣ ಗೊತ್ತುಮಾಡಿದ ಮಿತಿಯನ್ನು ಮೀರಿದರೆ ಗಾಳಿಯ ಕೊಳವೆ 'ಫಟ್' ಎಂದು ಊದಿ ಪಕ್ಕಕ್ಕೆ ತಳ್ಳುತ್ತದೆ. ಕಾಫಿಯಲ್ಲಿ ಕಪ್ಪು, ಕಂದು ಬೀಜ ಹೋಗುವುದು ಹೀಗೆಯೇ. ಮೇಲ್ನೋಟಕ್ಕೆ ಚೆನ್ನಾಗಿದ್ದು ಹುರಿದಾಗ ನಾರುವ ಬೀಜ ನೇರಳಾತೀತ ಬೆಳಕಿನಲ್ಲಿ ಹೊಳೆಯುವುದರಿಂದ ಅದನ್ನು ಹಿಡಿಯುವ ಯಂತ್ರಗಳೂ ಇವೆ.

ಮಿತಿಯನ್ನು ಗೊತ್ತುಮಾಡುವವನು ಮಾತ್ರ ಮನುಷ್ಯ. ಕೆಲವು ವರ್ಷಗಳ ಹಿಂದೆ ನಾವೇ 14 ಮೂಟೆ ಚಾಲಿ ಅಡಿಕೆಯನ್ನು ಒಂದು ಖಾಸಗಿ ಷೆಡ್ಡಿಗೆ ಒಯ್ದೆವು. ಮೂರು ಮೂಟೆ 'ರಿಜೆಕ್ಟ್' ಎಂದು ಹೊರಬಿತ್ತು. ಕೈಯಲ್ಲಿ ಸುರಿದು ನೋಡಿದರೆ ಅರ್ಧಕ್ಕರ್ಧ ಒಳ್ಳೆಯ ಮಾಲು! ಹಿಂದಿನ ಗಿರಾಕಿಯ ಬಿಳಿಚಿದ ಅಡಿಕೆಗೆ ಇಟ್ಟ ಮಿತಿಯನ್ನು ಬದಲಿಸಿರಲಿಲ್ಲ. ಕ್ಯಾಮೆರಾ ಮುಂದಿನ ಗಾಜಿನ ಮೇಲೆ ಒಂದು ಪದರ ಧೂಳು ಬೇರೆ. ಗಾಜು ಒರೆಸಿ, ಮಿತಿ ಸರಿಮಾಡಿ ಮತ್ತೆ ಹಾಕಿಸಿದಾಗ ತಿರಸ್ಕಾರ ಬಹಳ ಕಡಿಮೆಯಾಯಿತು. ನಾವು ಗಟ್ಟಿಯಾಗಿ ಕೇಳದಿದ್ದರೆ ಆ ಹಣ ಹೋದಂತೆಯೇ. ಕೇಳಲು ಸಂಕೋಚಪಟ್ಟು ಬಂದವರು ಎಷ್ಟು ಜನವೋ.

ಇನ್ನೊಂದು ಮಾತು. ಈ ಕಣ್ಣು ನೋಡುವುದು ಹೊರಮೈಯನ್ನು. ಅಡಿಕೆಯ ಒಳಗೆ ಹುಳು ಕೊರೆದಿದ್ದು ಹೊರಗೆ ತೂತು ಕಾಣದಿದ್ದರೆ ಕ್ಯಾಮೆರಾಗೆ ಗೊತ್ತಾಗುವುದಿಲ್ಲ. ತೇವವನ್ನೂ ಸಿಲಿಕಾನ್ ಕಣ್ಣು ಚೆನ್ನಾಗಿ ಕಾಣದು: ಸುಮಾರು 1100 ನ್ಯಾನೋಮೀಟರಿನಾಚೆಯ ಬೆಳಕು ಅದಕ್ಕೆ ಕುರುಡು, ನೀರು ಬಲವಾಗಿ ಹೀರುವುದು 1450ರ ಆಸುಪಾಸಿನ ಬೆಳಕನ್ನು. ಅದಕ್ಕೆ ಬೇರೆ, ದುಬಾರಿ ಧಾತುಗಳ ಚಿಪ್ಪು ಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದಲ್ಲಿ ಇದಕ್ಕಿಂತ ಮುಂದಿನ ಸಂಶೋಧನೆ ನಡೆದಿದೆ. ಅಲ್ಲಿ ಬೆಳಕನ್ನೇ ಚಿಪ್ಪಿನೊಳಗೆ ಹರಿಸುತ್ತಾರೆ. ತಲೆಗೂದಲಿನ ನೂರನೆಯ ಒಂದು ಪಾಲಿನಷ್ಟು ಅಗಲದ ಸಿಲಿಕಾನ್ ನಾಲೆ; ಅದನ್ನು ಬಳೆಯಂತೆ ಸುತ್ತಿಸಿದರೆ ಕೆಲವೇ ಬಣ್ಣದ ಬೆಳಕು ಅದರಲ್ಲಿ ತಿರುಗುತ್ತ ನಿಲ್ಲುತ್ತದೆ. ಕಬಿನಿ ನಾಲೆಯ ನೀರು ಏರಿಯ ಮಣ್ಣಿಗೆ ತುಸು ಜಿನುಗುವಂತೆ ಈ ಬೆಳಕೂ ಅಂಚಿನಿಂದ ತುಸು ಹೊರಚಾಚುತ್ತದೆ. ಅಲ್ಲಿ ಯಾವುದೋ ವಸ್ತುವಿನ ಅಣು ಬಂದು ಕೂತರೆ ನಿಲ್ಲುವ ಬಣ್ಣ ಕೊಂಚ ಸರಿಯುತ್ತದೆ. ಆ ಸರಿತವನ್ನು ಅಳೆದರೆ ಅನಿಲವನ್ನೋ ರೋಗಾಣುವನ್ನೋ ಗುರುತಿಸಬಹುದು. ವಿದ್ಯೆ ಸೊಗಸಾದದ್ದು, ಆದರೆ ನಾವು ನೀವು ತೋಟಕ್ಕೆ ಕೊಳ್ಳುವ ಸಾಮಾನಲ್ಲ. ಇದರ ಹೆಸರು ಹೇಳಿಕೊಂಡು ಯಾರಾದರೂ ಮನೆಬಾಗಿಲಿಗೆ ಮಾರಲು ಬಂದರೆ ಮುಂಗಡ ಕೊಡುವ ಮೊದಲು ಕಚೇರಿಗೆ ತಿಳಿಸಿ.

ಷೆಡ್ಡಿಗೆ ಹೋಗುವವರು ಮನೆಯಲ್ಲೇ ಕೈಯಿಂದ ಆರಿಸಿದ ಒಳ್ಳೆಯ ಅಡಿಕೆ 100, ಕೆಟ್ಟದ್ದು 100 ಎಣಿಸಿ, ಕೆಟ್ಟದ್ದಕ್ಕೆ ಸುಣ್ಣದ ಬೊಟ್ಟಿಡದೆ ಪೆನ್ಸಿಲಿನ ಸಣ್ಣ ಗುರುತು ಹಾಕಿ ಒಯ್ಯಿರಿ (ಸುಣ್ಣ ಇಟ್ಟರೆ ಯಂತ್ರ ಸುಣ್ಣವನ್ನೇ ನೋಡುತ್ತದೆ). ಗಾಜು ಒರೆಸಿಸಿ, ಮೊದಲು ಅವನ್ನು ಹಾಯಿಸಿ ಎಣಿಸಿರಿ. ಆಮೇಲೆ ಮೂಟೆ ಬಿಚ್ಚಿರಿ. ತಳ್ಳಿದ ಮಾಲನ್ನು ಅಲ್ಲೇ ಬಿಟ್ಟು ಬರಬೇಡಿ, ತೂಕ ಹಾಕಿಸಿ ವಾಪಸು ತನ್ನಿರಿ.