ಸಂಕ್ರಾಂತಿ ಕಾರ್ಡು: ಖರ್ಚು ಇಳಿಸಿ, ರೂಢಿ ಉಳಿಸಿ

ಪ್ರಶ್ನೆ: ಸಂಕ್ರಾಂತಿಗೆ ನಲವತ್ತು ಮನೆಗಳಿಗೆ ಗ್ರೀಟಿಂಗ್ ಕಾರ್ಡ್ ಕಳಿಸುವ ರೂಢಿ ನಮ್ಮದು. ಖರ್ಚು ಕೈಮೀರುತ್ತಿದೆ. ನಿಲ್ಲಿಸಿಬಿಡಲೇ?

ಉತ್ತರ: ಖಂಡಿತ ನಿಲ್ಲಿಸಬೇಡಿ. ಮೊದಲು ತೂಕ ನೋಡಿ. 20 ಗ್ರಾಂವರೆಗಿನ ಲಕೋಟೆಗೆ 5 ರೂಪಾಯಿ ಅಂಚೆಚೀಟಿ ಸಾಕು. 250 ಜಿಎಸ್‌ಎಂನ ಎ4 ಹಾಳೆಯನ್ನು ಎರಡಾಗಿ ಕತ್ತರಿಸಿ ಮಡಚಿದರೆ ಎರಡು ಕಾರ್ಡ್. ಒಂದೊಂದೂ ಸುಮಾರು 8 ಗ್ರಾಂ. ಕಬ್ಬು, ಗಾಳಿಪಟದ ಚಿತ್ರ ಮಕ್ಕಳೇ ಬರೆಯಲಿ. ಭಾರದ ಸಂಗೀತದ ಕಾರ್ಡ್ ಬೇಡ. ಚೀಟಿ ಕಡಿಮೆಬಿದ್ದರೆ ಕೊರತೆಯ ಎರಡರಷ್ಟನ್ನು ಪಡೆದವರೇ ತೆರಬೇಕಾಗುತ್ತದೆ. ನಾಲ್ಕೇ ಸಾಲಿನ ಹಾರೈಕೆಗೆ 50 ಪೈಸೆಯ ಪೋಸ್ಟ್‌ಕಾರ್ಡ್ ಚೆಂದ. ದಿನವೂ ಫೋನಿನಲ್ಲಿ ಸಿಗುವವರಿಗೆ ಬಾಯಿಮಾತು ಸಾಕು. ವಯಸ್ಸಾದ ಸೋದರತ್ತೆ, ಹಳೆಯ ಮೇಷ್ಟ್ರು, ದೂರದ ಗೆಳತಿಗೆ ಕೈಬರಹವೇ ಹೋಗಲಿ. ಜನವರಿ ಮೊದಲ ವಾರದೊಳಗೆ ಅಂಚೆಗೆ ಹಾಕಿದರೆ ಸ್ಪೀಡ್ ಪೋಸ್ಟಿನ ಖರ್ಚೂ ಉಳಿಯುತ್ತದೆ.