ಜೂಲಿಯಾ ಗಣಕಭಾಷೆ: ಪ್ರಥಮ ಪಾಠ

ವೈಜ್ಞಾನಿಕ ಗಣನೆಗೆಂದು ರೂಪುಗೊಂಡು 2012ರಲ್ಲಿ ಪ್ರಕಟವಾದ ಜೂಲಿಯಾ ಭಾಷೆಯು ಉಚಿತವಾಗಿ ದೊರೆಯತಕ್ಕದ್ದು. 'ಜೂಲಿಯಾಅಪ್' ಎಂಬ ಸಾಧನದಿಂದ ಅದನ್ನು ಗಣಕದಲ್ಲಿ ನೆಲೆಗೊಳಿಸಬಹುದು. ಆದರೆ ಸಿದ್ಧತೆಯು ಅಲ್ಲಿಗೆ ಮುಗಿಯದು.

ಪ್ರತಿಯೊಂದು ಅಧ್ಯಯನಕ್ಕೂ ಪ್ರತ್ಯೇಕ ಕಡತಕೋಶವಿರಲಿ. ಜೂಲಿಯಾವನ್ನು ತೆರೆದು, ಬಲ ಚೌಕಾವರಣದ ಕೀಲಿಯನ್ನೊತ್ತಿ, 'ಆಕ್ಟಿವೇಟ್' ಆಜ್ಞೆಯಿಂದ ಆ ಕೋಶವನ್ನು ಗೊತ್ತುಪಡಿಸಿ, 'ಆಡ್' ಆಜ್ಞೆಯಿಂದ ಬೇಕಾದ ಪ್ಯಾಕೇಜುಗಳನ್ನು ಸೇರಿಸಬೇಕು. ಆಗ ಎರಡು ಕಡತಗಳು ತಾವಾಗಿಯೇ ಹುಟ್ಟುತ್ತವೆ. 'ಪ್ರಾಜೆಕ್ಟ್' ಕಡತವು ನಾವು ಬೇಡಿದ ಪ್ಯಾಕೇಜುಗಳನ್ನೂ, 'ಮ್ಯಾನಿಫೆಸ್ಟ್' ಕಡತವು ಅವುಗಳ ಹಾಗೂ ಅವು ಅವಲಂಬಿಸಿದವುಗಳ ನಿಖರ ಆವೃತ್ತಿಯನ್ನೂ ದಾಖಲಿಸುತ್ತವೆ.

ಗ್ರಂಥಸಂಪಾದಕನು ತಾನು ಬಳಸಿದ ಓಲೆಪ್ರತಿಗಳನ್ನು ತಿಳಿಸದಿದ್ದರೆ ಅವನ ಪಾಠವನ್ನು ಪರಿಶೀಲಿಸುವುದೆಂತು? ಗಣನೆಯೂ ಅಂತೆಯೇ, ಆವೃತ್ತಿ ಬದಲಾದರೆ ಫಲಿತಾಂಶವೂ ಬದಲಾಗಬಹುದು. ಈ ಎರಡು ಕಡತಗಳು ಕೈಸೇರಿದರೆ ಅನ್ಯರು 'ಇನ್‌ಸ್ಟಾನ್ಷಿಯೇಟ್' ಆಜ್ಞೆಯಿಂದ ಅವೇ ಆವೃತ್ತಿಗಳನ್ನು ಪಡೆದು ನಮ್ಮ ಉತ್ತರವನ್ನು ತಾಳೆನೋಡಬಲ್ಲರು. ಪರಿಶೀಲನೆಗೆ ಒಡ್ಡದ ಉತ್ತರವು ವಿದ್ಯೆಯೆನಿಸದು.